ಆಟ ಮುಗಿಸುವವರು ಯಾರು?

ಆನ್‌ಲೈನ್ ಆಟಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಒಂದು ಕೊಲೆಯಿಂದ ಶುರುವಾಗುತ್ತದೆ, ಇಲ್ಲವೇ ಒಂದು ಪದಕದಿಂದ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ, ಪಬ್‌ಜಿ ಆಡಬೇಡ ಎಂದ ತಂದೆಯನ್ನು ಮಗನೇ ಕೊಂದ ಸುದ್ದಿ ಬಂತು. ಅಪ್ಪ ಅಮ್ಮಂದಿರು ಇವತ್ತಿಗೂ ಅದನ್ನೇ ಎತ್ತುತ್ತಾರೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಆಟಗಳಿಗೂ ಪದಕ ಕೊಟ್ಟರು. ಮಕ್ಕಳು ಅದನ್ನು ಎತ್ತುತ್ತಾರೆ. ಎರಡೂ ನಡೆದದ್ದೇ. ಆದರೆ ಒಂದು ಕೊಲೆಯಿಂದಾಗಲಿ ಒಂದು ಪದಕದಿಂದಾಗಲಿ, ದಿನಾ ರಾತ್ರಿ ಊಟವಾದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆಗೆ ಹೋಗುವ ಹುಡುಗನ ಬಗ್ಗೆ ಏನೂ ತಿಳಿಯುವುದಿಲ್ಲ.

ಈ ಪತ್ರಿಕೆಯಲ್ಲಿ ಕಾದಂಬರಿ, ನಾಟಕ, ಸಿನಿಮಾಗಳ ವಿಮರ್ಶೆ ಬರುತ್ತದೆ. ಓದಿದವನು ಕೆಟ್ಟನೋ ಉದ್ಧಾರವಾದನೋ ಎಂದು ಅಲ್ಲಿ ಯಾರೂ ಬರೆಯುವುದಿಲ್ಲ. ಕೃತಿ ಹೇಗೆ ಕಟ್ಟಲ್ಪಟ್ಟಿದೆ, ನಮ್ಮನ್ನು ಹೇಗೆ ಒಳಗೆ ಕರೆದುಕೊಳ್ಳುತ್ತದೆ, ಹೇಗೆ ಬಿಟ್ಟುಕೊಡುತ್ತದೆ ಎಂದು ನೋಡುತ್ತೇವೆ. ಆಟಗಳನ್ನೂ ಹಾಗೆಯೇ ನೋಡಬೇಕು ಅನ್ನುವುದು ನನ್ನ ವಾದ. ನನಗೆ ಇದರಲ್ಲಿ ಅಧಿಕಾರ ಏನೂ ಇಲ್ಲ. ಟಿಟ್ವಾಳಾದಲ್ಲಿ ಮನೆ, ಐರೋಲಿಯಲ್ಲಿ ಆಫೀಸು, ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಸುವ ಕೆಲಸ. ಆದರೆ ಬಳಕೆದಾರ ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು ಎಂದು ಪರದೆಯ ಮೇಲೆ ಯಾವ ಗುಂಡಿಯನ್ನು ಎಲ್ಲಿ ಇಡುತ್ತಾರೆ ಅನ್ನುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಚರ್ಚೆ. ಆ ಕಣ್ಣಿನಿಂದ ಮೂರು ಆಟಗಳನ್ನು ನೋಡುತ್ತೇನೆ. ಮೂರಕ್ಕೂ ಪ್ರಶ್ನೆ ಒಂದೇ: ಆಟ ಮುಗಿಸುವವರು ಯಾರು?

ಮೊದಲನೆಯದು ಲೂಡೋ ಕಿಂಗ್. ಇದು ನಮ್ಮ ಪಕ್ಕದ ಮನೆಯ ಆಟ. ನವಿ ಮುಂಬಯಿಯ ಗೇಮೆಷನ್ ಎಂಬ ಸಂಸ್ಥೆ 2016ರಲ್ಲಿ ಬಿಟ್ಟದ್ದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. 2020ರ ಲಾಕ್‌ಡೌನಿನಲ್ಲಿ ಒಂದು ಕಡೆ ದೂರದರ್ಶನದಲ್ಲಿ ರಾಮಾಯಣ, ಇನ್ನೊಂದು ಕಡೆ ಫೋನಿನಲ್ಲಿ ಲೂಡೋ ಎನ್ನುವ ಹಾಗಾಯಿತು. ಕುಂದಾಪುರದ ಅತ್ತೆ, ಡೊಂಬಿವಲಿಯ ಮಗಳು, ದುಬೈಯ ಅಳಿಯ ಒಂದೇ ಕೋಣೆಯ ಕೋಡ್ ಹಾಕಿಕೊಂಡು ಆಡಿದರು. ಚೌಕಾಬಾರ ಆಡಿ ಬೆಳೆದ ನಮ್ಮ ಹಿರಿಯರಿಗೆ ಅದನ್ನು ಕಲಿಸಬೇಕಾಗಲಿಲ್ಲ. ಗರ ಬೀಳುವುದು, ಕಾಯಿ ಕಡಿಯುವುದು, ಹಣ್ಣಾಗುವುದು ಎಲ್ಲ ಗೊತ್ತಿದ್ದದ್ದೇ. ಹುಣಸೆಬೀಜದ ಜಾಗದಲ್ಲಿ ದಾಳ ಬಂತು, ಅಷ್ಟೆ.

ಟಿಟ್ವಾಳಾ ಲೋಕಲಿನಲ್ಲಿ ಇದನ್ನು ದಿನವೂ ನೋಡಬಹುದು. ಕಲ್ಯಾಣ ದಾಟಿ ಶಹಾಡ್, ಅಂಬಿವಲಿ ಆದಮೇಲೆ ಟಿಟ್ವಾಳಾ. ಸಿಎಸ್‌ಎಂಟಿಯಿಂದ 64 ಕಿಲೋಮೀಟರು. ಇಷ್ಟು ದೂರ ಓಡಾಡುವವರು ಗಾಡಿಯಲ್ಲಿ ಏನಾದರೂ ಮಾಡಲೇಬೇಕು. ನಾನು ಬಂದ ಹೊಸದರಲ್ಲಿ ಒಂದು ಡಬ್ಬಿಯಲ್ಲಿ ತಾಳ ಹಾಕಿ ಭಜನೆ, ಇನ್ನೊಂದರಲ್ಲಿ ತೊಡೆಗಳ ಮೇಲೆ ಬ್ಯಾಗು ಅಡ್ಡ ಇಟ್ಟು ಇಸ್ಪೀಟು. ಈಗ ಅದೇ ಬ್ಯಾಗಿನ ಮೇಲೆ ಒಂದು ಫೋನು, ಸುತ್ತ ನಾಲ್ಕು ತಲೆ. ನಿಂತವರೂ ಬಗ್ಗಿ ಸಲಹೆ ಕೊಡುತ್ತಾರೆ. ಠಾಣೆ ಬಂದರೆ ಅರ್ಧದಲ್ಲಿ ಬಿಟ್ಟು ಇಳಿಯುತ್ತಾರೆ. ಇಳಿದವನ ಕಾಯಿಗಳನ್ನು ಪಕ್ಕದವನು ಆಡುತ್ತಾನೆ. ಇಲ್ಲಿ ಆಟ ಮುಗಿಸುವುದು ಸ್ಟೇಷನ್ನು. ಬಿಟ್ಟುಹೋದದ್ದಕ್ಕೆ ಯಾರಿಗೂ ದಂಡವಿಲ್ಲ.

ಅದೇ ಲೂಡೋವನ್ನು ಒಬ್ಬನೇ ಕೂತು, ಗುರುತಿಲ್ಲದವರ ಜತೆ ಆಡಿದರೆ ಕೃತಿಯೇ ಬೇರೆಯಾಗುತ್ತದೆ. ಆಟ ಮುಗಿದ ಕೂಡಲೇ ಜಾಹೀರಾತು, ಅದು ಮುಗಿದ ಕೂಡಲೇ ಇನ್ನೊಂದು ಆಟಕ್ಕೆ ಕರೆ. ಸೋತವನಿಗೆ ನಾಣ್ಯ ಕಡಿಮೆಯಾಗಿದೆ, ಮತ್ತೆ ಗಳಿಸಬೇಕು. ಆ ನಾಣ್ಯಕ್ಕೆ ಬಜಾರಿನಲ್ಲಿ ಬೆಲೆಯಿಲ್ಲ ನಿಜ. ಆದರೆ ಹಣ ಕಟ್ಟಿ ಆಡುವ ಬೇರೆ ಲೂಡೋ ಆಪುಗಳು ಇದೇ ಮನೆಗಳ ಪಟವನ್ನು ಇಟ್ಟುಕೊಂಡೇ ಬಂದವು. ಲೂಡೋ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಪ್ರಶ್ನೆ 2021ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಪಟ ಒಂದೇ, ನಿಯಮ ಒಂದೇ. ಎದ್ದುಹೋಗುವ ದಾರಿ ಮಾತ್ರ ಬೇರೆ.

ಎರಡನೆಯದು ಪಬ್‌ಜಿ. 2018ರಲ್ಲಿ ಮೊಬೈಲಿಗೆ ಬಂತು. 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. 2021ರಲ್ಲಿ ಬಿಜಿಎಂಐ ಎಂಬ ಹೆಸರಲ್ಲಿ ಮರಳಿತು. 2022ರ ಜುಲೈಯಲ್ಲಿ ಮತ್ತೆ ಮಾಯವಾಗಿ 2023ರ ಮೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಆಡದವರಿಗಾಗಿ ಹೇಳುತ್ತೇನೆ: ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಬರಿಗೈಯಲ್ಲಿ ಇಳಿದು ಖಾಲಿ ಮನೆಗಳಲ್ಲಿ ಕೋವಿ, ಔಷಧ ಹುಡುಕುತ್ತಾರೆ. ದ್ವೀಪದ ಸುತ್ತ ಒಂದು ವೃತ್ತ ನಿಧಾನಕ್ಕೆ ಕುಗ್ಗುತ್ತಾ ಎಲ್ಲರನ್ನೂ ಒಂದೇ ಕಡೆಗೆ ತಳ್ಳುತ್ತದೆ. ಕೊನೆಗೆ ಉಳಿದವರು ಗೆದ್ದಂತೆ. ಹೆಚ್ಚೆಂದರೆ ಅರ್ಧ ಗಂಟೆಯ ಕಥೆ.

ಕೋವಿಯಾಟ ಎಂದು ಮೂಗು ಮುರಿಯುವ ಮೊದಲು ಇದರ ಕಟ್ಟೋಣ ನೋಡಬೇಕು. ನಾಲ್ವರ ತಂಡದಲ್ಲಿ ಒಬ್ಬನಿಗೆ ಗುಂಡು ತಾಗಿದರೆ ಅವನು ಕೂಡಲೇ ಸಾಯುವುದಿಲ್ಲ. ನೆಲದ ಮೇಲೆ ತೆವಳುತ್ತಾನೆ. ಜತೆಗಾರನೊಬ್ಬ ಬಂದು ಪಕ್ಕದಲ್ಲಿ ಮಂಡಿಯೂರಿ ಕೆಲವು ಸೆಕೆಂಡು ಕೂತರೆ ಎಬ್ಬಿಸಬಹುದು. ಆ ಹೊತ್ತು ಅವನು ಗುಂಡು ಹಾರಿಸುವ ಹಾಗಿಲ್ಲ, ಓಡುವ ಹಾಗಿಲ್ಲ, ಅವನೂ ಬಲಿಯಾಗಬಹುದು. ‘ನೀನು ಹೋಗು, ನನ್ನ ಬಿಡು’ ಎಂದು ಕೆಳಗೆ ಬಿದ್ದವನು ಕೂಗುತ್ತಾನೆ, ಇವನು ಹೋಗುವುದಿಲ್ಲ. ಗೆಲ್ಲುವ ಲೆಕ್ಕ ಮತ್ತು ಸ್ನೇಹದ ಲೆಕ್ಕ ಎದುರುಬದುರಾಗುವ ಈ ಜಾಗ ಆಟದ ಅತ್ಯುತ್ತಮ ಭಾಗ. ಒಳ್ಳೆಯ ನಾಟಕಕಾರನೇ ಇದನ್ನು ಬರೆದಿದ್ದಾನೆ ಎಂದು ನನಗೆ ಅನ್ನಿಸುತ್ತದೆ.

ಇದರಿಂದ ಟಿಟ್ವಾಳಾದ ಹುಡುಗರಿಗೆ ಏನು ಸಿಗುತ್ತದೆ? ನನ್ನ ಅಕ್ಕನ ಮಗ ನಮ್ಮದೇ ಕಾಲೊನಿಯಲ್ಲಿದ್ದಾನೆ. ಅವನ ಕಾಲೇಜು ಠಾಣೆಯಲ್ಲಿ. ಗೆಳೆಯರು ಬದ್ಲಾಪುರ, ಮುಂಬ್ರಾ, ಘನ್ಸೋಲಿಗಳಲ್ಲಿ ಚದುರಿದ್ದಾರೆ. ಸಂಜೆ ಒಟ್ಟಿಗೆ ಆಡೋಣ ಎಂದರೆ ಯಾರ ಮನೆಯ ಪಕ್ಕವೂ ಮೈದಾನವಿಲ್ಲ, ಇದ್ದರೂ ಅಷ್ಟು ದೂರ ಗಾಡಿ ಹಿಡಿದು ಬರುವವರು ಯಾರು? ಇವರ ಕಟ್ಟೆ ಆ ದ್ವೀಪದಲ್ಲಿದೆ. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ, ಜನ ಸುಮ್ಮನೆ ಸೇರುವ ಚಹಾದಂಗಡಿಯಂಥ ತಾಣಗಳನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ‘ಮೂರನೆಯ ಜಾಗ’ ಎಂದು ಕರೆದರು. ಹಲವರು ಕೂಡಿ ಆಡುವ ಆನ್‌ಲೈನ್ ಆಟಗಳೂ ಅಂಥ ಜಾಗಗಳೇ ಎಂದು ಕಾನ್‌ಸ್ಟನ್ಸ್ ಸ್ಟೈನ್‌ಕೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ 2006ರಲ್ಲೇ ಬರೆದಿದ್ದಾರೆ.

ನಮ್ಮ ಮಟ್ಟಿಗೆ ಇನ್ನೊಂದು ಲಾಭವೂ ಇದೆ. ಈ ಹುಡುಗ ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವನು. ಊರಿನ ಚಿಕ್ಕಪ್ಪನ ಮಗ ತಂಡಕ್ಕೆ ಸೇರಿದ ಮೇಲೆ, ‘ಎಡಗಡೆ ಗುಡ್ಡದ ಹಿಂದೆ ಇದ್ದಾನೆ ಮಾರಾಯಾ, ತಲೆ ಎತ್ತಬೇಡ’ ಎಂಬ ಕನ್ನಡ ಅವನ ಬಾಯಿಂದ ಬಂತು. ನಮ್ಮ ರಜಾ ಶಿಬಿರಗಳಿಂದ ಆಗದ ಕೆಲಸ ಇದು. ಆದರೆ ಈ ಕಟ್ಟೆಯಲ್ಲಿ ಎಲ್ಲರಿಗೂ ಜಾಗವಿಲ್ಲ ಅನ್ನುವುದನ್ನೂ ಹೇಳಬೇಕು. ಅವನ ತಂಗಿಯೂ ಚೆನ್ನಾಗಿಯೇ ಆಡುತ್ತಾಳೆ, ಮೈಕು ಬಂದ್ ಮಾಡಿಕೊಂಡು. ಹುಡುಗಿಯ ದನಿ ಕೇಳಿದರೆ ಗುರುತಿಲ್ಲದವರು ಏನು ಮಾತಾಡುತ್ತಾರೆಂದು ಅವಳಿಗೆ ಗೊತ್ತು.

ಇಷ್ಟೆಲ್ಲ ಪಂದ್ಯದ ಒಳಗಿನ ಮಾತು. ಪಂದ್ಯಕ್ಕೆ ಮುಕ್ತಾಯವಿದೆ, ವೃತ್ತ ಕುಗ್ಗಿ ಕುಗ್ಗಿ ಅದೇ ಮುಗಿಸುತ್ತದೆ. ಮುಕ್ತಾಯವಿಲ್ಲದ್ದು ಪಂದ್ಯದ ಹೊರಗಿನ ಅಂಗಳ. ಅಲ್ಲಿ ದಿನಕ್ಕೊಂದು ಉಡುಗೊರೆ, ಇವತ್ತು ಬಾರದಿದ್ದರೆ ತಪ್ಪಿತು. ರಾಯಲ್ ಪಾಸ್ ಕೊಂಡರೆ ಇಂತಿಷ್ಟು ದಿನದೊಳಗೆ ಇಂತಿಷ್ಟು ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಕೊಟ್ಟ ದುಡ್ಡು ವ್ಯರ್ಥ. ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಯಲ್ಲಿ ಏನಿದೆ ಎಂದು ತೆರೆದ ಮೇಲೇ ಗೊತ್ತಾಗುವುದು. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಪರಿಗಣಿಸಿತು. ಪಂದ್ಯ ಬರೆದವನು ನಾಟಕಕಾರನಾದರೆ ಈ ಅಂಗಳ ಬರೆದವನು ನನ್ನ ಕಸುಬಿನವನು. ಅವನ ಮುಂದಿರುವ ಕೋಷ್ಟಕ ನನಗೆ ಪರಿಚಿತ: ಮೊದಲ ದಿನ ಬಂದವರಲ್ಲಿ ಮರುದಿನ ಎಷ್ಟು ಜನ ಬಂದರು, ಏಳನೆಯ ದಿನ ಎಷ್ಟು, ಮೂವತ್ತನೆಯ ದಿನ ಎಷ್ಟು. ಬ್ಯಾಂಕಿನ ಆಪಿಗೂ ಅದೇ ಕೋಷ್ಟಕ. ಆಡಿದವರು ಸಂತೋಷವಾಗಿ ಎದ್ದುಹೋದರೇ ಎಂದು ಕೇಳುವ ಕಾಲಂ ಅದರಲ್ಲಿ ಇರುವುದಿಲ್ಲ.

ಮೂರನೆಯದು ಕ್ಲಾಶ್ ಆಫ್ ಕ್ಲಾನ್ಸ್; ಫಿನ್ಲೆಂಡಿನ ಸೂಪರ್‌ಸೆಲ್ 2012ರಲ್ಲಿ ತಂದ ಆಟ. ಪ್ರತಿಯೊಬ್ಬರಿಗೂ ಒಂದು ಹಳ್ಳಿ. ಹಲವರು ಸೇರಿದರೆ ಒಂದು ಕುಲ. 2014ರಲ್ಲಿ ಇದಕ್ಕೆ ಕುಲಯುದ್ಧ ಸೇರಿತು. ಒಂದು ದಿನ ತಯಾರಿ, ಮರುದಿನ ಯುದ್ಧ; ಪ್ರತಿಯೊಬ್ಬನಿಗೂ ಎರಡು ದಾಳಿಯ ಅವಕಾಶ. ನೀವು ದಾಳಿ ಮಾಡದಿದ್ದರೆ ನಷ್ಟ ಇಡೀ ಕುಲಕ್ಕೆ. ಯಾರು ಮಾಡಿಲ್ಲ ಎಂದು ಎಲ್ಲರಿಗೂ ಕಾಣುತ್ತದೆ. ಕುಲದ ಮುಖ್ಯಸ್ಥ ನೆನಪಿಸುತ್ತಾನೆ, ಬೈಯುತ್ತಾನೆ, ಹೊರಗೆ ಹಾಕುತ್ತಾನೆ. ಬೆಳಗ್ಗೆ ಒಂಬತ್ತೂವರೆಗೆ ನಾನು ನಡೆಸುವ ಮೀಟಿಂಗಿಗೂ ಇದಕ್ಕೂ ಇರುವ ವ್ಯತ್ಯಾಸ ಎಂದರೆ ನಮ್ಮಲ್ಲಿ ಸಂಬಳ ಕೊಡುತ್ತಾರೆ.

ವಾದ ತಪ್ಪು ದಾರಿ ಹಿಡಿದಿರುವುದು ಎಲ್ಲಿ ಎಂದು ಇಲ್ಲಿ ಕಾಣುತ್ತದೆ. ಆಟ ಚಟವೋ, ಸ್ನೇಹವೋ ಎಂದು ನಾವು ತಕ್ಕಡಿಯ ಎರಡು ತಟ್ಟೆಯಲ್ಲಿ ಇಟ್ಟು ತೂಗುತ್ತಿದ್ದೇವೆ. ಕುಲಯುದ್ಧದಲ್ಲಿ ಇವೆರಡೂ ಒಂದೇ ತಟ್ಟೆಯಲ್ಲಿವೆ. ಹುಡುಗ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಏಳುವುದು ಆಟದ ಹುಚ್ಚಿನಿಂದ ಅಲ್ಲ, ಗೆಳೆಯರಿಗೆ ಮಾತು ಕೊಟ್ಟಿದ್ದಾನೆ ಎಂದು. ಅವನ ಒಳ್ಳೆಯತನವೇ ಇಲ್ಲಿ ಗಾಳಕ್ಕೆ ಸಿಕ್ಕಿಸಿದ ಎರೆಹುಳ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಗಾರನೊಬ್ಬನ ಗೋಳು. ಇನ್ನು ಆಡುವುದಿಲ್ಲ ಎಂದು ಅವನು ನಿಶ್ಚಯಿಸುತ್ತಾನೆ. ಆದರೆ ಗೆಳೆಯರು ಹೊರಟಾಗ ತಾನೊಬ್ಬನೇ ಹಿಂದೆ ಉಳಿಯುತ್ತಾನೆ, ಅಷ್ಟರಲ್ಲಿ ದಾಳದ ಸದ್ದು ಕೇಳುತ್ತದೆ, ಎದ್ದು ಹೋಗಿಬಿಡುತ್ತಾನೆ. ಮಹಾಭಾರತದಲ್ಲೂ ಧರ್ಮರಾಯ ಹಸ್ತಿನಾವತಿಗೆ ತಾನಾಗಿ ಓಡಿಹೋದವನಲ್ಲ. ದೊಡ್ಡಪ್ಪನ ಕರೆ, ಅದನ್ನು ತಂದವನು ವಿದುರ. ಇಲ್ಲ ಎನ್ನುವುದು ಹೇಗೆ? ಸೋತದ್ದೆಲ್ಲ ಮರಳಿ ಸಿಕ್ಕಿ ಊರಿಗೆ ಹೊರಟವನನ್ನು ಅರ್ಧ ದಾರಿಯಿಂದ ಇನ್ನೊಂದು ಆಟಕ್ಕೆ ಕರೆಸಿದರು. ವನವಾಸ ಬಂದದ್ದು ಆ ಎರಡನೆಯ ಕರೆಯಿಂದ. ನಮ್ಮ ಫೋನುಗಳು ಟಿಂಗ್ ಎಂದಾಗಲೆಲ್ಲ ನನಗೆ ಆ ದೂತ ನೆನಪಾಗುತ್ತಾನೆ.

ಹಾಗಾದರೆ ಎಷ್ಟು ಗಂಟೆ ಆಡಿದರೆ ಚಟ? ಅಪ್ಪಂದಿರು ಮೊದಲು ಕೇಳುವ ಪ್ರಶ್ನೆ ಇದು. ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕನಿಗೆ ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿತ್ತು. ಗಾಲಿಕುರ್ಚಿಯಲ್ಲೇ ಬದುಕು, ಎಚ್ಚರವಿದ್ದಾಗ ಬಹುಪಾಲು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ. 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಸತ್ತ ಎಂದು ತಂದೆ ತಾಯಿ ದುಃಖಪಟ್ಟರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಯುರೋಪಿನ ಬೇರೆಬೇರೆ ಕಡೆಗಳಿಂದ ಪತ್ರಗಳು ಬಂದವು, ಅಂತ್ಯಕ್ರಿಯೆಗೆ ಆಟದ ಗೆಳೆಯರು ಬಂದರು. 2024ರಲ್ಲಿ ಬಂದ ‘ದಿ ರಿಮಾರ್ಕಬಲ್ ಲೈಫ್ ಆಫ್ ಐಬೆಲಿನ್’ ಸಾಕ್ಷ್ಯಚಿತ್ರ ಅವನ ಕಥೆ. ಗಂಟೆ ಎಣಿಸಿದರೆ ಅವನಂಥ ವ್ಯಸನಿ ಇಲ್ಲ. ಬದುಕು ನೋಡಿದರೆ ಅವನಿಗಿದ್ದ ಸಮಾಜ ಅದೊಂದೇ, ಮತ್ತು ಅದು ನಿಜವಾದ ಸಮಾಜವೇ ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯೂ ಗಂಟೆ ಎಣಿಸುವುದಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಪಟ್ಟಿಯಲ್ಲಿ ಆಟದ ವ್ಯಸನವೂ ಒಂದು. ಲಕ್ಷಣ ಮೂರು: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟ ಮೊದಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು; ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೀಗಿರಬೇಕು. ಆಕ್ಸ್‌ಫರ್ಡಿನ ಆಂಡ್ರೂ ಶಿಬಿಲ್‌ಸ್ಕಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನಸಾಮಾನ್ಯರಲ್ಲಿ ಇಂಥ ತೊಂದರೆಯವರು ಶೇಕಡಾ 0.3ರಿಂದ 1.0 ಇರಬಹುದು. ಅಂದರೆ ಹೆಚ್ಚಿನ ಮನೆಗಳಲ್ಲಿ ರೋಗವಿಲ್ಲ. ಆದರೆ ರೋಗವಿಲ್ಲ ಎಂದ ಮಾತ್ರಕ್ಕೆ ಕೃತಿ ಒಳ್ಳೆಯದು ಎಂದಾಗುವುದಿಲ್ಲ. ಓದುಗನಿಗೆ ಹುಚ್ಚು ಹಿಡಿಸದ ಕೆಟ್ಟ ಕಾದಂಬರಿಗಳು ಬೇಕಾದಷ್ಟಿವೆ.

ಸರಕಾರಗಳು ಮಾಡಿದ್ದನ್ನೂ ಇದೇ ಪ್ರಶ್ನೆಯಿಂದ ನೋಡಬಹುದು. 2020ರಲ್ಲಿ ಪಬ್‌ಜಿಯೂ ಸೇರಿ 118 ಆಪುಗಳನ್ನು ನಿಷೇಧಿಸಿದ್ದು ದೇಶದ ಭದ್ರತೆಯ ಕಾರಣಕ್ಕೆ. ಮಕ್ಕಳ ಚಟದ ವಿಷಯ ಅದರಲ್ಲಿ ಬರಲಿಲ್ಲ. ಕರ್ನಾಟಕ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಆಟಗಳನ್ನು ಮೂರು ಗುಂಪು ಮಾಡುತ್ತದೆ: ಇ-ಕ್ರೀಡೆ, ಸಾಮಾಜಿಕ ಆಟ, ಹಣದ ಆಟ. ಮೂರನೆಯದಕ್ಕೆ ನಿಷೇಧ. ಹಣ ಕಳೆದುಕೊಂಡು ಹಾಳಾದ ಮನೆಗಳನ್ನು ನೆನೆದರೆ ಇದು ಬೇಕಾದದ್ದೇ. ಆದರೆ ಗೆಳೆತನವನ್ನೇ ಪಣವಾಗಿ ಇಡಿಸುವ ಆಟ ಈ ಪಟ್ಟಿಯಲ್ಲಿ ‘ಸಾಮಾಜಿಕ’ ಎಂಬ ಒಳ್ಳೆಯ ಹೆಸರಿನಲ್ಲೇ ಕೂತಿರಬಹುದು. ಚೀನಾ 2021ರಲ್ಲಿ ಹದಿನೆಂಟರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಎಂದು ಗಡಿ ಹಾಕಿತು. ಬಿಜಿಎಂಐ ತಾನೇ ಆ ವಯಸ್ಸಿನವರಿಗೆ ದಿನಕ್ಕೆ ಮೂರು ಗಂಟೆ ಎಂದಿತು. ಇವೆಲ್ಲ ಮತ್ತೆ ಗಡಿಯಾರದ ಲೆಕ್ಕ. ಮೂರು ಗಂಟೆ ಆದಮೇಲೆ ಬಾಗಿಲು ಹಾಕುತ್ತಾರೆ ಸರಿ, ಆದರೆ ನಾಳೆ ಬಾರದಿದ್ದರೆ ಉಡುಗೊರೆ ತಪ್ಪುತ್ತದೆ ಎಂದು ಬಾಗಿಲ ಮೇಲೆ ಬರೆದದ್ದು ಹಾಗೆಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇಂಥವರಿಗಾಗಿ ತೆರೆದ ಕ್ಲಿನಿಕ್ಕಿಗೆ ‘ತಂತ್ರಜ್ಞಾನದ ಆರೋಗ್ಯಕರ ಬಳಕೆ’ ಎಂಬ ಅರ್ಥದ ಹೆಸರಿಟ್ಟಿತು. ಬಿಡಿಸುವುದು ಎಂಬ ಮಾತೇ ಆ ಹೆಸರಿನಲ್ಲಿಲ್ಲ. ಅದು ವಿವೇಕದ ಹೆಸರು ಎನ್ನುತ್ತೇನೆ.

ಇದಕ್ಕೆ ಒಂದು ತಕರಾರು ಬರಬಹುದು. ನಮ್ಮ ಸಂಘ ಸಂಸ್ಥೆಗಳೂ ಜನರನ್ನು ಹೀಗೆಯೇ ಎಳೆಯುವುದಿಲ್ಲವೇ? ವಾರ್ಷಿಕೋತ್ಸವಕ್ಕೆ ಬಾರದಿದ್ದರೆ ಅಧ್ಯಕ್ಷರು ಮುಖ ತಿರುಗಿಸುತ್ತಾರೆ. ಯಕ್ಷಗಾನದ ಹುಚ್ಚು ಹತ್ತಿ ರಾತ್ರಿಗಟ್ಟಲೆ ನಿದ್ದೆಗೆಟ್ಟವರು ನಮ್ಮ ಮನೆಗಳಲ್ಲೇ ಇದ್ದರು. ನಿಜ. ಆದರೆ ಬಯಲಾಟಕ್ಕೆ ಬೆಳಗಿನ ಮಂಗಳ ಇತ್ತು. ಮಂಗಳ ಹಾಡಿದ ಮೇಲೆ ಭಾಗವತರು ಇನ್ನೊಂದು ಪ್ರಸಂಗ ಶುರುಮಾಡಿ ಎದ್ದವನ ಧೋತರ ಹಿಡಿದು ಕೂರಿಸುತ್ತಿರಲಿಲ್ಲ. ಮುಂಬಯಿಯಲ್ಲಿ ಜನರಿಗೆ ಕೊನೆಯ ಲೋಕಲು ತಪ್ಪುತ್ತದೆ ಎಂದರೆ ಆಟವೇ ಕಾಲಮಿತಿಗೆ ಒಗ್ಗಿಕೊಂಡಿತು. ಕಲೆ ಪ್ರೇಕ್ಷಕನ ದಿನಚರಿಗೆ ಬಗ್ಗಿತು. ಫೋನಿನ ಅಂಗಳದಲ್ಲಿ ಬಗ್ಗುವವನು ಆಡುವವನು.

ಆದ್ದರಿಂದ ನನ್ನ ತೀರ್ಮಾನ ಆಟವಾರು. ಗೆಳೆಯರ ಕೋಣೆಯಲ್ಲಿ, ಗಾಡಿಯ ಬ್ಯಾಗಿನ ಮೇಲೆ ಆಡುವ ಲೂಡೋ ಒಳ್ಳೆಯ ಆಟ. ಗುರುತಿಲ್ಲದವರ ಜತೆ ನಾಣ್ಯ ಗಳಿಸಲು ಆಡುವ ಅದೇ ಲೂಡೋ ಸಾಧಾರಣ. ಪಬ್‌ಜಿ ಪಂದ್ಯ ಒಳ್ಳೆಯ ಕೃತಿ. ಅದರ ಅಂಗಳ ಕೆಟ್ಟದ್ದು. ಕುಲಯುದ್ಧ ಜಾಣ ಕಟ್ಟೋಣ, ಅದಕ್ಕೇ ಮೂರರಲ್ಲಿ ಹೆಚ್ಚು ಅಪಾಯದ್ದು. ಮಕ್ಕಳ ಜತೆ ಜಗಳಕ್ಕೆ ಇಳಿಯುವ ಮೊದಲು ಪಕ್ಕದಲ್ಲಿ ಕೂತು ಮೂರು ವಿಷಯ ನೋಡಿ: ಈ ಆಟಕ್ಕೆ ಮುಕ್ತಾಯ ಇದೆಯೇ, ಅರ್ಧದಲ್ಲಿ ಎದ್ದರೆ ಏನು ಕಳೆಯುತ್ತದೆ, ಜತೆಗಿರುವವರು ಆಟದ ಹೊರಗೂ ಗೆಳೆಯರೇ. ಉತ್ತರ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾವು ಕೇಳಿರುವುದಿಲ್ಲ ಅಷ್ಟೆ.

ಕೊನೆಗೆ ಒಂದು ಲೆಕ್ಕ ನಮ್ಮ ಮೇಲೂ ಇದೆ. ಮನೆ ಅಗ್ಗ ಎಂದು ಕಲ್ಯಾಣದಾಚೆಗೆ ಬಂದವರು ನಾವು. ಹತ್ತಿರದಲ್ಲಿ ಸ್ಟೇಷನ್ ಇದೆಯೇ, ನೀರು ಬರುತ್ತದೆಯೇ ಎಂದು ವಿಚಾರಿಸಿದೆವು. ಹುಡುಗರು ಸಂಜೆ ಎಲ್ಲಿ ಸೇರುತ್ತಾರೆ ಎಂದು ವಿಚಾರಿಸಿದವರು ಕಡಿಮೆ. ಫೋನು ಕಿತ್ತುಕೊಂಡರೆ ಅವರು ಕಳೆದುಕೊಳ್ಳುವುದು ಆಟವನ್ನಷ್ಟೇ ಅಲ್ಲ, ಬದ್ಲಾಪುರದ ಗೆಳೆಯನನ್ನು, ಊರಿನ ಚಿಕ್ಕಪ್ಪನ ಮಗನನ್ನು, ದಿನಕ್ಕೆ ಒಂದು ಗಂಟೆಯ ಕನ್ನಡವನ್ನು ಕೂಡ. ಅದಕ್ಕೆ ಬದಲು ನಾವು ಕೊಡುವುದೇನು ಎಂದು ಮೊದಲು ಹೇಳಬೇಕು. ಕಿತ್ತುಕೊಳ್ಳುವ ಮಾತು ಆಮೇಲಿನದು.